ಊದುಗಾಜಿನ ದೀಪಗಳು: ಸಣ್ಣ ಸ್ಟುಡಿಯೊದ ಕಸುಬು

ಕರಗಿದ ಗಾಜನ್ನು ಉಕ್ಕಿನ ಕೊಳವೆಯ ತುದಿಗೆ ಸುತ್ತಿಕೊಂಡು, ಬಾಯಿಂದ ಊದಿ ಉಬ್ಬಿಸಿ, ಬಿಸಿಯಿರುವಾಗಲೇ ತಿದ್ದಿ ತೀಡಿ ಮಾಡಿದ ಹೊದಿಕೆಯನ್ನು ವಿದ್ಯುದ್ದೀಪಕ್ಕೆ ತೊಡಿಸಿದರೆ ಅದು ಊದುಗಾಜಿನ ದೀಪ. ತೂಗುದೀಪ, ಗೋಡೆದೀಪ, ಮೇಜುದೀಪ, ಹತ್ತಾರು ಕೊಂಬೆಗಳ ಷಾಂಡೆಲಿಯರ್ ಎಲ್ಲವೂ ಈ ಬಗೆಯಲ್ಲಿ ಸೇರುತ್ತವೆ. ಕಾರ್ಖಾನೆಗಳು ಯಂತ್ರದಿಂದ ಅಚ್ಚಿನೊಳಗೆ ಗಾಳಿ ಒತ್ತಿ ಇಂಥವನ್ನು ಸಾವಿರಗಟ್ಟಲೆ ತಯಾರಿಸುತ್ತವೆ. ಈ ಲೇಖನದ ವಿಷಯ ಅದಲ್ಲ. ಒಂದು ಕುಲುಮೆ, ಒಂದು ಕೆಲಸದ ಬೆಂಚು, ಇಬ್ಬರು ಮೂವರು ಕುಶಲಕರ್ಮಿಗಳು ಇರುವ ಸಣ್ಣ ಸ್ಟುಡಿಯೊದ ಕೆಲಸ ಇಲ್ಲಿನ ವಿಷಯ. ಅಂಥ ಸ್ಟುಡಿಯೊ ಹುಟ್ಟಿ ಅರವತ್ತು ವರ್ಷ ದಾಟಿದೆ. ಅದು ನೆಚ್ಚಿಕೊಂಡ ವಿದ್ಯೆಗೆ ಎರಡು ಸಾವಿರ ವರ್ಷಕ್ಕೂ ಮಿಗಿಲಾದ ವಯಸ್ಸು.

ಹೂದಾನಿ ಊದುವವರೆಲ್ಲ ದೀಪ ಊದಬಲ್ಲರು ಎಂದು ತೋರಬಹುದು. ಹಾಗಿಲ್ಲ. ಹೂದಾನಿಯ ಗೋಡೆ ಒಂದು ಮಗ್ಗುಲಲ್ಲಿ ದಪ್ಪವಾಗಿ ಇನ್ನೊಂದರಲ್ಲಿ ತೆಳುವಾದರೂ ನೋಡುವವರಿಗೆ ಅದು ಕಾಣದು. ದೀಪದ ಹೊದಿಕೆ ಎರಡು ಸಲ ಪರೀಕ್ಷೆಗೆ ನಿಲ್ಲಬೇಕು: ಹಗಲಲ್ಲಿ ವಸ್ತುವಾಗಿ, ಇರುಳಲ್ಲಿ ಬೆಳಕಾಗಿ. ಒಳಗೆ ಬಲ್ಬು ಹೊತ್ತಿತೆಂದರೆ ಗೋಡೆಯ ದಪ್ಪದ ಏರಿಳಿತವೆಲ್ಲ ಬಣ್ಣದ ಏರಿಳಿತವಾಗಿ ಹೊರಬೀಳುತ್ತದೆ. ದಪ್ಪವಿದ್ದಲ್ಲಿ ಕಡುನೀಲಿ, ತೆಳುವಿದ್ದಲ್ಲಿ ಮಾಸಿದ ತಿಳಿನೀಲಿ. ಬಿಳಿ ಹಾಲುಗಾಜಾದರೆ ತೆಳುವಾದ ಕಡೆ ಬಲ್ಬಿನ ಚುಕ್ಕೆ ಇಣುಕುತ್ತದೆ. ಆದ್ದರಿಂದ ಈ ಕಸುಬಿನಲ್ಲಿ ಆಕಾರಕ್ಕಿಂತ ಮೊದಲು ಬರುವುದು ಗೋಡೆಯ ಸಮತೆ. ಒಂದು ಸ್ಟುಡಿಯೊದ ಯೋಗ್ಯತೆಯನ್ನು ಅಳೆಯಬೇಕಾದರೆ ಅದರ ಅತ್ಯಂತ ಆಡಂಬರದ ಷಾಂಡೆಲಿಯರನ್ನು ನೋಡುವುದಕ್ಕಿಂತ, ಅದರ ಅತ್ಯಂತ ಸರಳವಾದ ಬಿಳಿ ಗೋಳವನ್ನು ಉರಿಸಿ ನೋಡುವುದು ಒಳ್ಳೆಯದು.

ಹಿನ್ನೆಲೆ

ಗಾಜಿನ ವಯಸ್ಸು ಊದುವ ವಿದ್ಯೆಗಿಂತ ಬಹಳ ಹೆಚ್ಚು. ಊದುವುದು ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ಮೆಡಿಟರೇನಿಯನ್‌ ಸಮುದ್ರದ ಪೂರ್ವ ತೀರದಲ್ಲಿ ಶುರುವಾಯಿತು. ಜೆರೂಸಲೇಮಿನ ಉತ್ಖನನದಲ್ಲಿ, ಆ ಶತಮಾನದ ನಡುಭಾಗದ ಕಸದ ರಾಶಿಯಲ್ಲಿ, ಗಾಜಿನ ಕೊಳವೆಯ ತುದಿಯನ್ನೇ ಕಾಯಿಸಿ ಊದಿದ ಚೂರುಗಳು ಸಿಕ್ಕಿವೆ. ಲೋಹದ ಕೊಳವೆ ಬಂದದ್ದು ಆಮೇಲೆ. ಅದು ಬಂದ ಮೇಲೆ ಗಾಜು ಅರಮನೆಯ ಒಡವೆಯಾಗಿ ಉಳಿಯಲಿಲ್ಲ, ರೋಮನ್ನರ ಕಾಲದಲ್ಲಿ ದಿನಬಳಕೆಯ ಪಾತ್ರೆಯಾಯಿತು, ಎಣ್ಣೆದೀಪವೂ ಆಯಿತು.

ದೀಪದ ಹೊದಿಕೆ ಎಂಬ ಕಲ್ಪನೆಗೆ ಪಕ್ವ ರೂಪ ಕೊಟ್ಟವರು ಸಿರಿಯ ಮತ್ತು ಈಜಿಪ್ಟಿನ ಮಾಮ್ಲೂಕ್ ಕಾಲದ ಕುಶಲಕರ್ಮಿಗಳು. 13 ಮತ್ತು 14ನೆಯ ಶತಮಾನಗಳ ಮಸೀದಿ ದೀಪಗಳಲ್ಲಿ ಹೊಟ್ಟೆ ಉಬ್ಬಿದ, ಕಂಠ ಅಗಲಿದ ಗಾಜಿನ ಪಾತ್ರೆಯೊಳಗೆ ಎಣ್ಣೆಯ ಪುಟ್ಟ ಬಟ್ಟಲು ಬೇರೆಯೇ ಇರುತ್ತಿತ್ತು. ಹೊರಗಿನ ಪಾತ್ರೆಯ ಮೇಲೆ ಎನಾಮೆಲ್ ಮತ್ತು ಚಿನ್ನದಲ್ಲಿ ಬರೆದ ಅಕ್ಷರಗಳು. ಹಲವು ದೀಪಗಳ ಮೇಲೆ ಕುರಾನಿನ ‘ಬೆಳಕು’ ಅಧ್ಯಾಯದ ವಾಕ್ಯ. ಒಳಗೆ ಜ್ಯೋತಿ ಹೊತ್ತಿದಾಗ ಅಕ್ಷರಗಳೇ ಬೆಳಗುತ್ತಿದ್ದವು. ಬೆಳಕಿನ ಮೂಲ ಬೇರೆ, ಬೆಳಕನ್ನು ಹರಡುವ ಗಾಜು ಬೇರೆ ಎಂಬ ವಿಂಗಡಣೆಯನ್ನು ಇಷ್ಟು ಚೆನ್ನಾಗಿ ತಿಳಿದಿದ್ದವರು ಅದಕ್ಕೂ ಮುಂಚೆ ಇರಲಿಲ್ಲ ಎನ್ನಬಹುದು.

ವೆನಿಸ್ ಗಣರಾಜ್ಯ 1291ರಲ್ಲಿ ಗಾಜಿನ ಕುಲುಮೆಗಳನ್ನೆಲ್ಲ ನಗರದಿಂದ ಮುರಾನೊ ದ್ವೀಪಕ್ಕೆ ಕಳುಹಿಸಿತು. ಬೆಂಕಿಯ ಭಯ ಅದಕ್ಕೆ ಕೊಟ್ಟ ಕಾರಣ. ಕಸುಬಿನ ಗುಟ್ಟು ಒಂದೇ ಕಡೆ ಕಾವಲಿನಲ್ಲಿ ಇದ್ದಂತೆಯೂ ಆಯಿತು. 15ನೆಯ ಶತಮಾನದಲ್ಲಿ ಅಲ್ಲಿನ ಆಂಜೆಲೊ ಬರೋವಿಯೆರ್ ಬಣ್ಣವೇ ಇಲ್ಲದ ತಿಳಿಗಾಜು ಮಾಡಿದ. 18ನೆಯ ಶತಮಾನದಲ್ಲಿ ಜುಸೆಪ್ಪೆ ಬ್ರಿಯಾತಿ ಗಾಜಿನ ಹೂ, ಎಲೆ, ಬಳ್ಳಿಗಳಿಂದ ತುಂಬಿದ ಷಾಂಡೆಲಿಯರುಗಳಿಂದ ಹೆಸರಾದ. ಇಂಗ್ಲೆಂಡಿನಲ್ಲಿ ಜಾರ್ಜ್ ರೇವನ್ಸ್‌ಕ್ರಾಫ್ಟ್ 1674ರಲ್ಲಿ ಪೇಟೆಂಟ್ ಪಡೆದ ಗಾಜು ಮುಂದೆ ಸೀಸ ಬೆರೆತ ಸ್ಫಟಿಕ ಗಾಜಾಗಿ ಬೆಳೆದು, ಕೊರೆದು ಹೊಳಪಿಸಿದ ಷಾಂಡೆಲಿಯರುಗಳ ಇನ್ನೊಂದು ಪರಂಪರೆಗೆ ದಾರಿಯಾಯಿತು. ಬರ್ಮಿಂಗ್‌ಹ್ಯಾಮಿನ ಆಸ್ಲರ್ ಕಂಪನಿ 1851ರ ಲಂಡನ್ ಪ್ರದರ್ಶನದಲ್ಲಿ ಗಾಜಿನ ಕಾರಂಜಿ ನಿಲ್ಲಿಸಿದ್ದಲ್ಲದೆ, ಕಲ್ಕತ್ತೆಯಲ್ಲಿ ಮಳಿಗೆ ತೆರೆದು ನಮ್ಮ ರಾಜರಿಗೂ ಜಮೀನ್ದಾರರಿಗೂ ದೀಪ ಮಾರಿತು.

ವಿದ್ಯುತ್ ಬಲ್ಬು ಕೂಡ ಮೊದಲು ಬಾಯಿಂದ ಊದಿದ ಗಾಜೇ ಎಂಬುದನ್ನು ಇಲ್ಲಿ ನೆನೆಯಬೇಕು. ಥಾಮಸ್ ಎಡಿಸನ್‌ನ ಪ್ರಯೋಗಾಲಯದಲ್ಲಿ ಬಲ್ಬು ಊದಲೆಂದೇ ಲುಡ್ವಿಗ್ ಬೋಮ್ ಎಂಬ ಜರ್ಮನ್ ಕುಶಲಕರ್ಮಿ ಇದ್ದ. 1880ರ ಹೊತ್ತಿಗೆ ಅಮೆರಿಕದ ಕಾರ್ನಿಂಗ್ ಕಾರ್ಖಾನೆಯಲ್ಲಿ ಎಡಿಸನ್‌ಗಾಗಿ ಬಲ್ಬು ಊದುತ್ತಿದ್ದರು. ಅದೇ ಕಾರ್ನಿಂಗಿನಲ್ಲಿ 1926ರಲ್ಲಿ ರಿಬ್ಬನ್ ಯಂತ್ರ ಬಂತು, ನಿಮಿಷಕ್ಕೆ ನೂರಾರು ಬಲ್ಬುಗಳು ಸುರಿಯತೊಡಗಿದವು. ಬಲ್ಬು ಊದುವ ಕೈಕೆಲಸ ಅಲ್ಲಿಗೆ ಮುಗಿಯಿತು. ಹೊದಿಕೆ ಊದುವ ಕೈಕೆಲಸ ಮಾತ್ರ ಉಳಿಯಿತು.

ಭಾರತದಲ್ಲಿ

ಕರ್ನಾಟಕದಲ್ಲಿ ಗಾಜೆಂದರೆ ಬಹುಕಾಲ ಬಳೆ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಹೊಸದುರ್ಗದ ಬಳಿಯ ಮತ್ತೋಡಿನಲ್ಲಿ ಬಳೆಗೆ ಬೇಕಾದ ಗಾಜು ಕರಗಿಸುತ್ತಿದ್ದುದನ್ನು ವಿವರವಾಗಿ ಬರೆದಿದ್ದಾನೆ. ನೆಲದ ಮೇಲೆ ಬಿಳಿಯಾಗಿ ಉಕ್ಕುವ ಚೌಳು ಅಲ್ಲಿನವರಿಗೆ ಸೋಡಾ ಒದಗಿಸುತ್ತಿತ್ತು. ಚನ್ನಪಟ್ಟಣವೂ ಗಾಜಿನ ಬಳೆಗೆ ಹೆಸರಾಗಿತ್ತು. ಆದರೆ ದೀಪದ ಗಾಜು ಹೊರಗಿನಿಂದ ಬಂದದ್ದೇ ಹೆಚ್ಚು. 1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯ ಕಲ್ಯಾಣಮಂಟಪದ ಬಣ್ಣಗಾಜಿನ ಸೂರು ಗ್ಲಾಸ್ಗೋದಲ್ಲಿ ತಯಾರಾಯಿತು. ನವಿಲುಗಳ ವಿನ್ಯಾಸ ಮಾತ್ರ ಮೈಸೂರಿನ ಕಲಾವಿದರದು.

ಸ್ವದೇಶಿ ಚಳವಳಿ ಈ ಸ್ಥಿತಿಯನ್ನು ಬದಲಿಸಿತು. ಜನರಿಂದ ತಲೆಗೊಂದು ಪೈಸೆ ಕೂಡಿಸಿದ ‘ಪೈಸಾ ಫಂಡ್‌’ನಿಂದ 1908ರಲ್ಲಿ ಪುಣೆಯ ಹತ್ತಿರದ ತಳೇಗಾಂವ್‌ನಲ್ಲಿ ಗಾಜಿನ ಕಾರ್ಖಾನೆ ಎದ್ದಿತು. ಅದು ತರಬೇತಿ ಶಾಲೆಯೂ ಆಗಿತ್ತೆಂಬುದು ಮುಖ್ಯ. ಅಲ್ಲಿ ಕಲಿತವರು ದೇಶದ ಬೇರೆ ಕಡೆ ಕುಲುಮೆ ಹಾಕಿದರು. ಕರಾಡದ ಬಳಿಯ ಓಗಲೆ ಕಾರ್ಖಾನೆಯ ‘ಪ್ರಭಾಕರ’ ಕಂದೀಲು ವಿದೇಶಿ ಲಾಟೀನುಗಳಿಗೆ ಎದುರಾಗಿ ನಿಂತಿತು.

ಇಂದು ಭಾರತದ ಊದುಗಾಜಿನ ರಾಜಧಾನಿ ಉತ್ತರ ಪ್ರದೇಶದ ಫಿರೋಜಾಬಾದ್. ಬಳೆಯ ಊರೆಂದು ಹೆಸರಾದರೂ ಷಾಂಡೆಲಿಯರಿನ ಕೊಂಬೆ, ಲಾಟೀನಿನ ಚಿಮಣಿ, ಬಣ್ಣದ ಗೋಳ ಎಲ್ಲವೂ ಅಲ್ಲಿ ತಯಾರಾಗಿ ಹೊರದೇಶಕ್ಕೂ ಹೋಗುತ್ತವೆ. ತಾಜ್‌ಮಹಲನ್ನು ಹೊಗೆಯಿಂದ ಉಳಿಸುವ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1996ರ ಡಿಸೆಂಬರಿನಲ್ಲಿ ಕೊಟ್ಟ ತೀರ್ಪು ಆಗ್ರಾ ಸುತ್ತಲಿನ ತಾಜ್ ಟ್ರಪೀಜಿಯಂ ವಲಯದ ಕೈಗಾರಿಕೆಗಳನ್ನು ಕಲ್ಲಿದ್ದಲಿನಿಂದ ನೈಸರ್ಗಿಕ ಅನಿಲದ ಕಡೆಗೆ ತಿರುಗಿಸಿತು. ಫಿರೋಜಾಬಾದಿನ ಕುಲುಮೆಗಳೂ ಆ ವಲಯದೊಳಗಿನವು. ಅಲ್ಲಿನ ಉಸ್ತಾದರ ಕೈಚಳಕ ಯಾವ ದೇಶದವರಿಗೂ ಕಡಿಮೆಯಲ್ಲ. ಆದರೂ ಮಾರುಕಟ್ಟೆಯಲ್ಲಿ ಅವರ ಹೆಸರಿನ ಬದಲು ಆಮದುದಾರನ ಹೆಸರು ನಿಲ್ಲುತ್ತದೆ. ಸ್ಟುಡಿಯೊ ಪದ್ಧತಿ ತಿದ್ದಲು ಹೊರಟದ್ದು ಈ ಕೊರತೆಯನ್ನೇ.

ಸ್ಟುಡಿಯೊ ಹುಟ್ಟಿದ ಬಗೆ

20ನೆಯ ಶತಮಾನದ ನಡುವಿನವರೆಗೂ ಗಾಜು ಕಾರ್ಖಾನೆಯ ಸೊತ್ತು. ವಿನ್ಯಾಸಕ ಕಾಗದದ ಮೇಲೆ ಬರೆದುಕೊಡುತ್ತಿದ್ದ, ಊದುವವರು ಬೇರೆ. ಮುರಾನೊದಲ್ಲಿ 1921ರಲ್ಲಿ ಶುರುವಾದ ವೆನಿನಿ ಕಂಪನಿಗೆ ಕಾರ್ಲೊ ಸ್ಕಾರ್ಪ, ಮಾಸ್ಸಿಮೊ ವಿನ್ಯೆಲ್ಲಿಯಂಥವರು ಸೊಗಸಾದ ದೀಪಗಳನ್ನು ರೂಪಿಸಿದ್ದು ಹೀಗೆಯೇ.

ಇದನ್ನು ಮುರಿದದ್ದು ಅಮೆರಿಕದ ಹಾರ್ವೆ ಲಿಟಲ್‌ಟನ್. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕುಂಬಾರಿಕೆ ಕಲಿಸುತ್ತಿದ್ದ ಈತನ ತಂದೆ ಕಾರ್ನಿಂಗ್ ಕಾರ್ಖಾನೆಯ ಭೌತವಿಜ್ಞಾನಿ. ಕುಂಬಾರನೊಬ್ಬ ತನ್ನ ಆವಿಗೆಯನ್ನು ತಾನೇ ಹೂಡುವಂತೆ ಗಾಜಿನವನಿಗೂ ಒಬ್ಬನೇ ನಿಭಾಯಿಸಬಲ್ಲ ಕುಲುಮೆ ಏಕಿರಬಾರದು ಎಂಬುದು ಅವನ ಪ್ರಶ್ನೆ. 1962ರ ಮಾರ್ಚ್‌ನಲ್ಲಿ ಒಹಾಯೊದ ಟೊಲೀಡೊ ಕಲಾ ವಸ್ತುಸಂಗ್ರಹಾಲಯದ ಆವರಣದ ಒಂದು ಗ್ಯಾರೇಜಿನಲ್ಲಿ ಕಮ್ಮಟ ಏರ್ಪಟ್ಟಿತು. ಮೊದಲು ಹಾಕಿದ ಮಿಶ್ರಣ ಊದಲು ಬಗ್ಗಲಿಲ್ಲ. ಜಾನ್ಸ್-ಮ್ಯಾನ್‌ವಿಲ್ ಕಂಪನಿಯ ಸಂಶೋಧಕ ಡಾಮಿನಿಕ್ ಲಬೈನೊ ಗಾಜುನಾರು ಎಳೆಯಲು ಬಳಸುವ ಗೋಲಿಗಳನ್ನು ತಂದುಕೊಟ್ಟು ಕುಲುಮೆಯನ್ನೂ ಬದಲಾಯಿಸಿದ. ಗೋಲಿ ಕರಗಿತು, ಹದಕ್ಕೆ ಬಂತು. ಕೊಳವೆ ಹಿಡಿಯುವುದು ಹೇಗೆಂದು ಯಾರಿಗೂ ಸರಿಯಾಗಿ ತಿಳಿಯದು. ಲಿಬಿ ಕಾರ್ಖಾನೆಯಿಂದ ನಿವೃತ್ತನಾಗಿದ್ದ ಹಾರ್ವೆ ಲೀಫ್‌ಗ್ರೀನ್ ಬಂದು ತೋರಿಸಿಕೊಟ್ಟ. ವಿಶ್ವವಿದ್ಯಾಲಯದ ಪ್ರಯೋಗಶೀಲತೆ, ಕಾರ್ಖಾನೆಯ ರಸಾಯನಜ್ಞಾನ, ಹಳೆಯ ಕಾರ್ಮಿಕನ ಕೈ, ಈ ಮೂರೂ ಸೇರದೆ ಇದ್ದರೆ ಸ್ಟುಡಿಯೊ ಗಾಜು ಹುಟ್ಟುತ್ತಿರಲಿಲ್ಲ. ಚರಿತ್ರೆಯಲ್ಲಿ ಮೊದಲಿಬ್ಬರ ಹೆಸರಷ್ಟೇ ದೊಡ್ಡದಾಗಿ ಬರೆಯುವುದು ನ್ಯಾಯವಲ್ಲ.

ಲಿಟಲ್‌ಟನ್‌ನ ಶಿಷ್ಯ ಡೇಲ್ ಚಿಹೂಲಿ 1968ರಲ್ಲಿ ವೆನಿನಿಗೆ ಹೋಗಿ ಮುರಾನೊದ ತಂಡಗೆಲಸ ನೋಡಿ ಬಂದು, 1971ರಲ್ಲಿ ಸಿಯಾಟಲ್ ಸಮೀಪದ ಪಿಲ್‌ಚಕ್‌ನಲ್ಲಿ ಗಾಜಿನ ಶಾಲೆ ತೆರೆಯಲು ಕಾರಣನಾದ. ಅವನ ‘ಷಾಂಡೆಲಿಯರು’ಗಳು ಜಗತ್ಪ್ರಸಿದ್ಧ. ಹಲವಕ್ಕೆ ಒಳಗೆ ದೀಪವೇ ಇಲ್ಲ, ಹೊರಗಿನಿಂದ ಬೆಳಕು ಬಿಡುತ್ತಾರೆ. ಅವು ತೂಗುಶಿಲ್ಪಗಳು, ದೀಪದ ಕಸುಬಿನ ಮಾದರಿಯಾಗಿ ಅವನ್ನು ತೆಗೆದುಕೊಳ್ಳಲಾಗದು. ಆ ಮಟ್ಟಿಗೆ ಕೆನಡಾದ ವ್ಯಾಂಕೂವರಿನಲ್ಲಿ 2005ರಲ್ಲಿ ಆರಂಭವಾದ ಬೋಚಿ ಸಂಸ್ಥೆಗಾಗಿ ಓಮರ್ ಆರ್ಬೆಲ್ ರೂಪಿಸಿದ ‘28’ ಎಂಬ ದೀಪ ಹೆಚ್ಚು ಕಲಿಸುತ್ತದೆ. ಅದರಲ್ಲಿ ಗಾಳಿ ಊದುವುದಷ್ಟೇ ಅಲ್ಲ, ಒಳಕ್ಕೆ ಎಳೆದುಕೊಳ್ಳುವುದೂ ಇದೆ. ಗೋಳದ ಮೈ ಒಳಕುಸಿದು ಒಳಗೊಂದು ಪುಟ್ಟ ಕೋಣೆಯಾಗುತ್ತದೆ, ಬೆಳಕು ಅದರಲ್ಲಿ ಕೂರುತ್ತದೆ. ಆಕಾರ ಇಲ್ಲಿ ವಿಧಾನದಿಂದಲೇ ಹುಟ್ಟಿದೆ.

ಗಾಜು, ಕುಲುಮೆ, ಕೊಳವೆ

ಸ್ಟುಡಿಯೊಗಳಲ್ಲಿ ಬಳಸುವುದು ಸೋಡಾ–ಸುಣ್ಣದ ಗಾಜು. ಅದರಲ್ಲಿ ನೂರಕ್ಕೆ ಸುಮಾರು 70 ಪಾಲು ಸಿಲಿಕ, ಅಂದರೆ ಶುದ್ಧ ಮರಳು. ಸೋಡಾ ಬೆರೆತರೆ ಮರಳು ಕಡಿಮೆ ಉಷ್ಣತೆಗೆ ಕರಗುತ್ತದೆ, ಸುಣ್ಣ ಬೆರೆತರೆ ಗಾಜು ನೀರಿಗೆ ಕರಗದೆ ಗಟ್ಟಿಯಾಗಿ ನಿಲ್ಲುತ್ತದೆ. ಮರಳಿನಲ್ಲಿ ಕಬ್ಬಿಣದ ಅಂಶ ತುಸು ಹೆಚ್ಚಿದರೂ ಗಾಜಿಗೆ ಹಸಿರು ಛಾಯೆ ಬರುತ್ತದೆ. ಸೋಡಾ ಬಾಟಲಿಗೆ ಅದು ನಡೆದೀತು, ದೀಪಕ್ಕಲ್ಲ. ಮಿಶ್ರಣವನ್ನು ಪುಡಿಯಾಗಿ ತರದೆ ಗುಳಿಗೆಗಳಾಗಿ ತರಿಸುವುದು ಈಗಿನ ರೂಢಿ. ಅದಕ್ಕೆ ಕಾರಣ ಶ್ವಾಸಕೋಶ: ಸಿಲಿಕದ ದೂಳು ಈ ಕಸುಬಿನ ದೊಡ್ಡ ಶತ್ರು.

ಸಂಜೆ ಕೆಲಸ ಮುಗಿದ ಮೇಲೆ ಮೂಸೆಗೆ ಮಿಶ್ರಣ ತುಂಬುತ್ತಾರೆ. ರಾತ್ರಿಯಿಡೀ ಕುಲುಮೆ ಸುಮಾರು 1250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಸಿ ಗುಳ್ಳೆಗಳನ್ನು ಮೇಲೆಬ್ಬಿಸುತ್ತದೆ. ಬೆಳಗ್ಗೆ ಅದನ್ನು 1100ರ ಆಸುಪಾಸಿಗೆ ಇಳಿಸಿದರೆ ಗಾಜು ಊದುವ ಹದಕ್ಕೆ ಬರುತ್ತದೆ. ಕೆಲಸದ ನಡುವೆ ಪದೇ ಪದೇ ಕಾಯಿಸಲು ಇನ್ನೊಂದು ಒಲೆ ಇರುತ್ತದೆ. ಅದು ಅಡ್ಡಮಲಗಿದ ಪೀಪಾಯಿಯ ಆಕಾರದ, ಬಾಯಿ ತೆರೆದ, ಧಗಧಗ ಉರಿಯುವ ಗೂಡು. ಮೂರನೆಯದು ತಣಿಸುವ ಗೂಡು.

ಒಂದು ಬಿಳಿ ಗೋಳ ಮಾಡುವುದನ್ನು ಹತ್ತಿರದಿಂದ ನೋಡೋಣ. ಸುಮಾರು ಒಂದೂವರೆ ಮೀಟರ್ ಉದ್ದದ ಉಕ್ಕಿನ ಕೊಳವೆಯ ತುದಿಯನ್ನು ಕಾಯಿಸಿ, ಮೊದಲೇ ಬಿಸಿಮಾಡಿಟ್ಟ ಹಾಲುಬಿಳಿ ಗಾಜಿನ ತುಂಡನ್ನು ಅದಕ್ಕೆ ಅಂಟಿಸಿಕೊಳ್ಳುತ್ತಾರೆ. ಫ್ಲೋರೈಡಿನಂಥ ಪದಾರ್ಥ ಬೆರೆತು ಬೆಳಕನ್ನು ಚೆದರಿಸುವ ಗಾಜು ಅದು. ಉಕ್ಕಿನ ಹಲಗೆಯ ಮೇಲೆ ಹೊರಳಿಸಿ ನೆಟ್ಟಗೆ ಮಾಡಿ, ಕೊಳವೆಯಲ್ಲಿ ಒಂದು ಉಸಿರು ತುಂಬಿ, ತುದಿಯನ್ನು ಹೆಬ್ಬೆರಳಿನಿಂದ ಮುಚ್ಚುತ್ತಾರೆ. ಸಿಕ್ಕಿಬಿದ್ದ ಗಾಳಿ ಬಿಸಿಗೆ ಹಿಗ್ಗಿ ಪುಟ್ಟ ಗುಳ್ಳೆಯಾಗುತ್ತದೆ. ತುಸು ತಣಿದ ಮೇಲೆ ಕೊಳವೆಯನ್ನು ಮೂಸೆಗೆ ಇಳಿಸಿ, ಜೋನಿಬೆಲ್ಲದ ಡಬ್ಬಿಯಲ್ಲಿ ಕಡ್ಡಿ ತಿರುಗಿಸುವಂತೆ ತಿರುಗಿಸಿ ತಿಳಿಗಾಜನ್ನು ಸುತ್ತಿಕೊಳ್ಳುತ್ತಾರೆ. ಹಾಲುಗಾಜಿನ ಪದರ ಒಳಗೆ, ತಿಳಿಗಾಜು ಹೊರಗೆ. ಎರಡೂ ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವ ಗಾಜಾಗಿರಬೇಕು. ಇಲ್ಲದಿದ್ದರೆ ತಣಿದ ಮೇಲೆ, ಕೆಲವೊಮ್ಮೆ ವಾರಗಳ ಮೇಲೆ, ತಾನಾಗಿ ಬಿರಿಯುತ್ತದೆ.

ಆಮೇಲಿನ ಕೆಲಸವೆಲ್ಲ ತಿರುಗಿಸುವುದರಲ್ಲಿದೆ. ನಿಲ್ಲಿಸಿದರೆ ಗಾಜು ನೆಲದ ಕಡೆ ಇಳಿಬಿದ್ದು ಗೋಡೆಯ ಸಮತೆ ಕೆಡುತ್ತದೆ. ನೀರಲ್ಲಿ ನೆನೆದ ಚೆರಿ ಮರದ ಬಟ್ಟಲಿನಂಥ ಅಚ್ಚಿನಲ್ಲಿ ಗಾಜನ್ನು ಕೂರಿಸಿ ತಿರುಗಿಸಿದಾಗ ಆವಿಯ ತೆಳುಪದರ ಮರಕ್ಕೂ ಗಾಜಿಗೂ ನಡುವೆ ನಿಂತು ಮೈ ನುಣುಪಾಗುತ್ತದೆ. ಮಡಿಸಿ ನೆನೆಸಿದ ವೃತ್ತಪತ್ರಿಕೆಯ ಗಟ್ಟಿ ಅಂಗೈಯಗಲವಿದ್ದರೆ ಸಾಕು, ಕುಶಲಿ ಬರಿಗೈಯಲ್ಲಿ ಹಿಡಿದಂತೆ ಗಾಜನ್ನು ಸವರಬಲ್ಲ. ಕಾಗದ ಕರಕಲಾಗುತ್ತ, ಮಣ್ಣಿನ ಕೆಲಸದವನಿಗೆ ಬೆರಳು ಹೇಳುವುದನ್ನು ಇವನಿಗೆ ಹೇಳುತ್ತದೆ. ಬೆಂಚಿನ ಮೇಲೆ ಕುಳಿತ ಮುಖ್ಯಸ್ಥ ಕೊಳವೆಯನ್ನು ತೊಡೆಯ ಮುಂದಿನ ಹಳಿಗಳ ಮೇಲೆ ಉರುಳಿಸುತ್ತಿದ್ದರೆ ಸಹಾಯಕ ಇನ್ನೊಂದು ತುದಿಯಲ್ಲಿ ಮಂಡಿಯೂರಿ ಊದುತ್ತಾನೆ. ‘ಊದು’, ‘ಮೆಲ್ಲಗೆ’, ‘ಸಾಕು’ ಎಂಬ ಮೂರು ಮಾತಿನಲ್ಲಿ ಕೆಲಸ ನಡೆಯುತ್ತದೆ. ಚಿಮಟದಂಥ ದೊಡ್ಡ ಇಕ್ಕಳದಿಂದ ಕತ್ತಿನ ಬಳಿ ಗೆರೆ ಒತ್ತಿ ಕಿರಿದು ಮಾಡುತ್ತಾರೆ. ಕ್ಯಾಲಿಪರ್ ಹಿಡಿದು ವ್ಯಾಸ ನೋಡುತ್ತಾರೆ. ಆರು ಗೋಳಗಳ ಸಾಲಿಗೆ ಆರೂ ಒಂದೇ ಅಳತೆಯವಾಗಬೇಕೆಂದರೆ ಪ್ರತಿ ಸಲವೂ ಅಷ್ಟೇ ಗಾಜು ಎತ್ತಿಕೊಂಡಿರಬೇಕು. ತಕ್ಕಡಿಯಿಲ್ಲ, ಮಣಿಕಟ್ಟೇ ತಕ್ಕಡಿ. ಕೊನೆಗೆ ಕತ್ತಿನ ಗೆರೆಯ ಮೇಲೆ ಒಂದು ಹನಿ ನೀರು, ಕೊಳವೆಗೊಂದು ಏಟು. ಗೋಳ ಸಹಾಯಕನ ಶಾಖ ತಡೆಯುವ ಕೈಗವಸಿಗೆ ಕಳಚಿ ಬೀಳುತ್ತದೆ. ಕೆಳಗೆ ಬಾಯಿ ತೆರೆದ ಗಂಟೆಯಾಕಾರದ ಹೊದಿಕೆಯಾದರೆ ಇನ್ನೊಂದು ಹಂತವಿದೆ: ಗಟ್ಟಿ ಸರಳಿಗೆ ತಳವನ್ನು ಅಂಟಿಸಿ, ಕೊಳವೆಯಿಂದ ಬಿಡಿಸಿ, ಬಾಯನ್ನು ಕಾಯಿಸಿ ಅಗಲಿಸಬೇಕು. ಹೆಚ್ಚಿನ ಒಡಕುಗಳು ಆಗುವುದು ಆ ಕೈಬದಲಿನಲ್ಲೇ.

ಬಿಸಿಗಾಜನ್ನು ಹಾಗೆಯೇ ಇಟ್ಟರೆ ಹೊರಮೈ ಬೇಗ ತಣಿದು ಒಳಮೈ ತಡವಾಗಿ ತಣಿದು ಒತ್ತಡ ಹುಟ್ಟುತ್ತದೆ. ಅದಕ್ಕಾಗಿ 480–510 ಡಿಗ್ರಿಯ ಗೂಡಿನಲ್ಲಿ ಇಟ್ಟು ರಾತ್ರಿಯಿಡೀ ಇಳಿಸುತ್ತ ಬರುತ್ತಾರೆ. ದಪ್ಪ ಎರಡು ಪಟ್ಟಾದರೆ ತಣಿಸುವ ಹೊತ್ತು ಸುಮಾರು ನಾಲ್ಕು ಪಟ್ಟಾಗುತ್ತದೆ. ತಿಳಿಗಾಜಾದರೆ, ಬೆಳಕನ್ನು ಧ್ರುವೀಕರಿಸುವ ಎರಡು ಹಾಳೆಗಳ ನಡುವೆ ಹಿಡಿದು ನೋಡಿದಾಗ ಒತ್ತಡ ಉಳಿದ ಜಾಗ ಪ್ರಕಾಶಮಾನ ಪಟ್ಟೆಯಾಗಿ ಕಾಣುತ್ತದೆ. ತಲೆಯ ಮೇಲೆ ತೂಗುವ ವಸ್ತುವಾದ್ದರಿಂದ ಈ ಪರೀಕ್ಷೆಯನ್ನು ಬಿಡುವಂತಿಲ್ಲ.

ಗಾಜು ದೀಪವಾಗುವುದು

ತಣಿದ ಗೋಳದ ಕತ್ತನ್ನು ವಜ್ರದ ಅಂಚಿನ ಗರಗಸದಿಂದ, ನೀರು ಹಾಯಿಸುತ್ತ, ಕತ್ತರಿಸಿ ತಿರುಗುವ ಕಬ್ಬಿಣದ ತಟ್ಟೆಯ ಮೇಲೆ ಸಾಣೆಪುಡಿ ಹಾಕಿ ಉಜ್ಜುತ್ತಾರೆ. ಕತ್ತಿನ ಅಳತೆ ಹಿತ್ತಾಳೆಯ ಹಿಡಿಕೆಗೆ ಸರಿಹೊಂದಬೇಕು. ಇಲ್ಲಿ ಒಂದು ಎಚ್ಚರಿಕೆ: ಲೋಹ ಗಾಜಿಗಿಂತ ಹೆಚ್ಚು ಹಿಗ್ಗುತ್ತದೆ. ಹಿಡಿಕೆಯ ತಿರುಪುಗಳನ್ನು ಬಿಗಿಯಾಗಿ ತಿರುಗಿಸಿದರೆ ದೀಪ ಕಾಯ್ದಾಗ ಕತ್ತು ಬಿರಿಯುತ್ತದೆ. ನಡುವೆ ಸಿಲಿಕೋನ್ ಬಳೆಯಿಟ್ಟು ತುಸು ಸಡಿಲ ಬಿಡುವುದು ಸರಿಯಾದ ಕ್ರಮ. ಎರಡು ಮೂರು ಕಿಲೊ ತೂಗುವ ಹೊದಿಕೆಯ ಭಾರವನ್ನು ವಿದ್ಯುತ್ ವೈರು ಹೊರಬಾರದು, ಉಕ್ಕಿನ ತಂತಿ ಹೊರಬೇಕು. ಭಾರತದ ಮನೆಗಳಲ್ಲಿ ಪಿನ್ ಹೋಲ್ಡರೂ ತಿರುಪು ಹೋಲ್ಡರೂ ಎರಡೂ ಇರುವುದರಿಂದ ಯಾವುದಕ್ಕೆಂದು ಮೊದಲೇ ಕೇಳಿಕೊಂಡು ಕತ್ತು ಕೊಯ್ಯಬೇಕಾಗುತ್ತದೆ.

ಎಲ್‌ಇಡಿ ಈ ಕಸುಬಿಗೆ ಹೊಸ ಸ್ವಾತಂತ್ರ್ಯ ಕೊಟ್ಟಿದೆ. ಹಳೆಯ ತಂತಿಬಲ್ಬು ಬೆಳಕಿಗಿಂತ ಹೆಚ್ಚು ಶಾಖ ಬಿಡುತ್ತಿತ್ತು. ಹೊದಿಕೆ ದೊಡ್ಡದಾಗಿರಬೇಕಿತ್ತು, ಮೇಲೆ ಕಂಡಿ ಬೇಕಿತ್ತು. ಈಗ ಮುಷ್ಟಿಯಷ್ಟು ಗಾಜಿನೊಳಗೂ ಬೆಳಕು ಇಡಬಹುದು. ಆದರೆ ಅಗ್ಗದ ಎಲ್‌ಇಡಿಯ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ. ಚಿನ್ನದ ಅತಿಸೂಕ್ಷ್ಮ ಕಣಗಳಿಂದ ಬರುವ ಮಾಣಿಕ್ಯಗೆಂಪು ಗಾಜು ಅದರಲ್ಲಿ ಮಂಕಾಗಿ ಬೀಳುತ್ತದೆ. ಆ ಗಾಜು ಮೊದಲು ಬಣ್ಣವಿಲ್ಲದೆಯೇ ಇರುತ್ತದೆ, ಮತ್ತೆ ಕಾಯಿಸಿದಾಗ ಕೆಂಪೇಳುತ್ತದೆ. ಅಷ್ಟು ಶ್ರಮದ ಬಣ್ಣಕ್ಕೆ ಕಳಪೆ ಬಲ್ಬು ಹಾಕುವುದು ದೊಡ್ಡ ಅನ್ಯಾಯ. ಕೋಬಾಲ್ಟಿನ ನೀಲಿ ಇನ್ನೊಂದು ಬಗೆಯ ತೊಡಕು: ಗಾಢವಾಗಿ ಬಳಸಿದರೆ ಬೆಳಕೆಲ್ಲ ನುಂಗಿಬಿಡುತ್ತದೆ. ಬಣ್ಣದ ಸರಳುಗಳನ್ನು ಹೆಚ್ಚಿನ ಸ್ಟುಡಿಯೊಗಳು ತಾವು ಮಾಡುವುದಿಲ್ಲ. ಜರ್ಮನಿಯ ಕೂಗ್ಲರ್, ರೈಖನ್‌ಬಾಖ್, ನ್ಯೂಜಿಲೆಂಡಿನ ಗ್ಯಾಫರ್ ಕಂಪನಿಗಳಿಂದ ತರಿಸುತ್ತವೆ.

ಸ್ಟುಡಿಯೊದ ಲೆಕ್ಕಾಚಾರ ಕುಲುಮೆಯ ಸುತ್ತ ಸುತ್ತುತ್ತದೆ. ಒಮ್ಮೆ ಹೊತ್ತಿಸಿದ ಕುಲುಮೆಯನ್ನು ಸಂಜೆ ಆರಿಸುವಂತಿಲ್ಲ. ಆರಿಸಿದರೆ ಮೂಸೆ ಬಿರಿಯುತ್ತದೆ. ಕೆಲಸವಿರಲಿ ಬಿಡಲಿ, ತಿಂಗಳುಗಟ್ಟಲೆ ಉರಿಯುತ್ತಲೇ ಇರಬೇಕು. 2021ರ ಕೊನೆಯಲ್ಲಿ ಯುರೋಪಿನಲ್ಲಿ ಅನಿಲದ ಬೆಲೆ ಹಲವು ಪಟ್ಟು ಏರಿದಾಗ ಮುರಾನೊದಲ್ಲೇ ಕುಲುಮೆಗಳು ನಿಂತವು. ದೀಪಗಳು ಸ್ಟುಡಿಯೊಗಳನ್ನು ಬದುಕಿಸಿರುವುದು ಈ ಖರ್ಚಿನ ಎದುರಿನಲ್ಲೇ. ಹೂದಾನಿ ಒಂದು ಮನೆಗೆ ಒಂದು ಹೋಗುತ್ತದೆ. ಹೋಟೆಲಿನ ಹಜಾರಕ್ಕೆ ಇಪ್ಪತ್ತು ದೀಪ ಒಟ್ಟಿಗೆ ಬೇಕಾಗುತ್ತವೆ. ಹೊಗೆಯ ಶಾಖವನ್ನೇ ಒಳಬರುವ ಗಾಳಿಗೆ ಕೊಡುವ ಸಾಧನಗಳೂ ವಿದ್ಯುತ್ ಕುಲುಮೆಗಳೂ ಖರ್ಚನ್ನು ಇಳಿಸುತ್ತಿವೆ. ಯುನೆಸ್ಕೊ 2023ರಲ್ಲಿ ಕೈಯಿಂದ ಗಾಜು ಮಾಡುವ ಜ್ಞಾನವನ್ನು ಫ್ರಾನ್ಸ್, ಜರ್ಮನಿ, ಚೆಕ್ ಗಣರಾಜ್ಯ, ಫಿನ್ಲೆಂಡ್, ಹಂಗರಿ ಮತ್ತು ಸ್ಪೇನಿನ ಹೆಸರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಫಿರೋಜಾಬಾದಿನ ಊದುವವರ ವಿದ್ಯೆಗೂ ಅಂಥ ಮನ್ನಣೆ ಸಲ್ಲಬೇಕು.

ಗಾಜು ಒಡೆಯುವ ವಸ್ತು. ಆರರಲ್ಲಿ ಒಂದು ಎಂದಾದರೂ ಒಡೆದೇ ಒಡೆಯುತ್ತದೆ. ಒಳ್ಳೆಯ ಸ್ಟುಡಿಯೊಗಳು ಮಾರಿದ ಪ್ರತಿ ಹೊದಿಕೆಗೂ ಬಣ್ಣದ ಸರಳಿನ ಸಂಖ್ಯೆ, ವ್ಯಾಸ, ಕತ್ತಿನ ಅಳತೆ, ತೂಕ ಬರೆದಿಟ್ಟಿರುತ್ತವೆ. ವರ್ಷಗಳ ಮೇಲೆ ಗಿರಾಕಿ ಬಂದಾಗ ಒಂದೇ ಸಾಲದು ಎಂದು ಎರಡು ಮೂರು ಊದಿ, ಉಳಿದ ಐದರ ಪಕ್ಕದಲ್ಲಿ ಹೊತ್ತಿಸಿ ನೋಡಿ, ಬೆಳಕು ಹೊಂದುವುದನ್ನು ಆರಿಸಿ ಕೊಡುತ್ತಾರೆ.